ಫೋನ್ ಪಕ್ಕದ ನೋಟ್‌ಬುಕ್ಕೇ ನಮ್ಮ ಬ್ಲಾಗ್ ಆಯಿತು

2022ರ ಶುರುವಿನಲ್ಲಿ ಒಂದು ದಿನ, ಎಂದೋ ಜೋಡಿಸಿ ಮರೆತಿದ್ದ ಗೂಗಲ್ ಸರ್ಚ್ ಕನ್ಸೋಲನ್ನು ತೆರೆದು ನೋಡಿದೆ. ಜನ ಏನೇನು ಹುಡುಕಿ ನಮ್ಮ ವೆಬ್‌ಸೈಟಿಗೆ ಬಂದಿದ್ದಾರೆ ಅಂತ ಅಲ್ಲಿ ಪಟ್ಟಿ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಇದ್ದದ್ದು ನಮ್ಮ ಹೆಸರು, ಅದರ ಒಂದು ತಪ್ಪು ಕಾಗುಣಿತ, ಇನ್ನೊಂದು ತಪ್ಪು ಕಾಗುಣಿತ. ಅಷ್ಟೇ! ಸೈಟು ಶುರುವಾಗಿ ಎರಡು ವರ್ಷ ಆಗಿತ್ತು. ಹೆಸರು ಹಾಕಿದರೆ ನಾವೇ ಮೊದಲು ಬರುತ್ತೇವೆ ಅಂತ ಇಷ್ಟು ದಿನ ಖುಷಿಯಾಗಿದ್ದೆ. ಹೆಸರು ಗೊತ್ತಿದ್ದವರಿಗೆ ನಮ್ಮ ಫೋನ್ ನಂಬರೂ ಗೊತ್ತಿರುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ನಾವು ಬಿದ್ದೇ ಇರಲಿಲ್ಲ.

ನಮ್ಮದು ಹೊಲಿಗೆ ಮಷಿನ್ ರಿಪೇರಿ, ಜೊತೆಗೆ ಬಿಡಿಭಾಗಗಳ ಮಾರಾಟ. ಅಣ್ಣ ಮಷಿನ್ ಬಿಚ್ಚುತ್ತಾನೆ. ಫೋನು, ಲೆಕ್ಕ, ವೆಬ್‌ಸೈಟ್ ನನ್ನ ಪಾಲು. ಸೈಟಿನಲ್ಲಿ ಐದೇ ಪುಟ ಇದ್ದವು. ಐದರಲ್ಲೂ ನಮ್ಮ ಬಗ್ಗೆ ನಾವೇ ಹೇಳಿಕೊಂಡ ಮಾತು. ‘ಗುಣಮಟ್ಟದ ಸೇವೆ’ ಅಂತ ಮೂರು ಕಡೆ ಇತ್ತು. ಮಷಿನ್ ಕೆಟ್ಟಾಗ ಯಾರಾದರೂ ‘ಗುಣಮಟ್ಟದ ಸೇವೆ’ ಅಂತ ಹುಡುಕುತ್ತಾರಾ?

ಬ್ಲಾಗ್ ಬರೆಸಿ, ತಾನಾಗೇ ಮೇಲೆ ಬರುತ್ತೀರಿ ಅಂತ ಪರಿಚಯದವರು ಹೇಳಿದರು. ನನಗೆ ಬರೆಯೋ ಉತ್ಸಾಹ ಇರಲಿಲ್ಲ. ಬರೆದು ಕೊಡುವವರಿಂದ ಹತ್ತು ಲೇಖನ ಕೊಂಡೆ. ‘ಹೊಲಿಗೆ ಯಂತ್ರದ ಇತಿಹಾಸ’, ‘ಹೊಲಿಗೆ ಕಲಿಯುವುದರ ಐದು ಲಾಭಗಳು’, ಇಂಥವು. ಪ್ರತಿಯೊಂದರಲ್ಲೂ ‘ಹೊಲಿಗೆ ಯಂತ್ರ ರಿಪೇರಿ’ ಅನ್ನೋ ಮಾತು ಹದಿನೈದಿಪ್ಪತ್ತು ಸಲ. ಜೋರಾಗಿ ಓದಿದರೆ ನಗು ಬರುತ್ತಿತ್ತು. ಹೀಗೆಯೇ ಇರಬೇಕೇನೋ ಅಂದುಕೊಂಡು ಹಾಕಿಬಿಟ್ಟೆ.

ಎರಡು ತಿಂಗಳಾಯಿತು. ಒಂದು ಕ್ಲಿಕ್ ಇಲ್ಲ. ಕ್ಲಿಕ್ ಹೋಗಲಿ, ಇಂಪ್ರೆಶನ್ ಕೂಡ ಸೊನ್ನೆ. ಇಂಪ್ರೆಶನ್ ಅಂದರೆ ನಮ್ಮ ಪುಟ ಹುಡುಕಾಟದ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು ಅನ್ನೋ ಲೆಕ್ಕ. ಲೇಖನ ಎಷ್ಟೇ ಕೆಟ್ಟದಾಗಿರಲಿ, ಎಂಬತ್ತನೇ ಸ್ಥಾನದಲ್ಲಾದರೂ ಯಾರಿಗೋ ಕಾಣಬೇಕಿತ್ತು. ಪೂರ್ತಿ ಸೊನ್ನೆ ಬಂದರೆ ತಪ್ಪು ಬೇರೆಲ್ಲೋ ಇದೆ ಅಂತ ಅರ್ಥ. ಇದು ನನಗೆ ಆಮೇಲೆ ಗೊತ್ತಾಯಿತು.

ಸರ್ಚ್ ಕನ್ಸೋಲಿನ ಮೇಲ್ಗಡೆ ಒಂದು ಪೆಟ್ಟಿಗೆ ಇದೆ. ಅಲ್ಲಿ ಪುಟದ ವಿಳಾಸ ಹಾಕಿದರೆ ಗೂಗಲ್ ಅದನ್ನು ಸೇರಿಸಿಕೊಂಡಿದೆಯೋ ಇಲ್ಲವೋ ಹೇಳುತ್ತದೆ. ಹಾಕಿದೆ. ‘ನೋಇಂಡೆಕ್ಸ್’ ಇದೆ, ಅದಕ್ಕೇ ಸೇರಿಸಿಲ್ಲ ಅಂತ ಬಂತು. ಇದನ್ನು ಪಟ್ಟಿಗೆ ಸೇರಿಸಬೇಡ ಅಂತ ಪುಟವೇ ಗೂಗಲಿಗೆ ಹೇಳುತ್ತಿತ್ತು! ಕಾರಣ ತಮಾಷೆಯಾಗಿದೆ. ನಮ್ಮ ಸೈಟು ಇರೋದು ವರ್ಡ್‌ಪ್ರೆಸ್ ಅನ್ನೋ ಸೈಟು ಕಟ್ಟೋ ತಂತ್ರಾಂಶದಲ್ಲಿ. ಅಲ್ಲಿ ‘ಪುಟ’ ಬೇರೆ, ಬ್ಲಾಗ್ ಬರಹ ಅನ್ನೋ ‘ಪೋಸ್ಟ್’ ಬೇರೆ. ಸೈಟು ಮಾಡಿಕೊಟ್ಟವರು ಕೆಲಸ ನಡೆಯುವಾಗ ಒಂದೆರಡು ಮಾದರಿ ಪೋಸ್ಟ್ ಹಾಕಿದ್ದರಂತೆ. ಅವು ಹುಡುಕಾಟದಲ್ಲಿ ಬರದಿರಲಿ ಅಂತ ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರೋಕೆ ಮಾಡೋ ಕೆಲಸ) ನೋಡಿಕೊಳ್ಳೋ ಪ್ಲಗಿನ್‌ನಲ್ಲಿ ಪೋಸ್ಟ್‌ಗಳನ್ನೆಲ್ಲ ಮರೆಮಾಡಿದ್ದರು. ಮಾದರಿ ಪೋಸ್ಟ್ ಅಳಿಸಿದರು, ಸ್ವಿಚ್ ಹಾಗೇ ಬಿಟ್ಟರು. ಐದು ಪುಟ ಕಾಣುತ್ತಿದ್ದವು, ಬ್ಲಾಗ್ ಮಾತ್ರ ಪರದೆ ಹಿಂದೆ. ಸರಿಮಾಡೋಕೆ ಒಂದು ಕ್ಲಿಕ್ ಸಾಕಾಯಿತು. ಕಂಡುಹಿಡಿಯೋಕೆ ಎರಡು ತಿಂಗಳು.

ಈಗ ಎಲ್ಲ ಓಡುತ್ತದೆ ಅಂದುಕೊಂಡೆ. ಓಡಲಿಲ್ಲ. ಹತ್ತರಲ್ಲಿ ಏಳು ಲೇಖನಕ್ಕೆ ‘ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ’ ಅನ್ನೋ ಉತ್ತರ ಬಂತು. ಬಂದೆ, ನೋಡಿದೆ, ಇಟ್ಟುಕೊಳ್ಳಲಿಲ್ಲ ಅಂತ. ಬೇಜಾರಾಯಿತು, ಆದರೆ ಜಗಳ ಆಡೋ ಹಾಗಿರಲಿಲ್ಲ. ಆ ಲೇಖನಗಳಲ್ಲಿ ಇದ್ದದ್ದೆಲ್ಲ ಬೇರೆ ನೂರು ಕಡೆ ಇತ್ತು, ನಮಗಿಂತ ಚೆನ್ನಾಗೇ ಇತ್ತು. ನಾನೇ ಓದದಿರೋದನ್ನು ಇನ್ಯಾರು ಓದಬೇಕು?

ಆಮೇಲೆ ಆದದ್ದು ಆಕಸ್ಮಿಕ. ಒಂದು ಮಧ್ಯಾಹ್ನ ಫೋನ್ ಬಂತು. ಆ ಕಡೆಯ ಹೆಂಗಸಿಗೆ ಅಳುವುದೊಂದು ಬಾಕಿ. ‘ಬಾಬಿನ್ ಬದಲಾಯಿಸಿದೆ, ಬಾಬಿನ್ ಕೇಸೂ ಹೊಸದು ಹಾಕಿದೆ. ಆದರೂ ಬಟ್ಟೆ ಅಡಿಯಲ್ಲಿ ದಾರ ಗೋಜಲು ಗೋಜಲಾಗಿ ಬರ್ತಿದೆ.’ ಬಾಬಿನ್ ಅಂದರೆ ಕೆಳಗಿನ ದಾರ ಸುತ್ತಿಟ್ಟ ಚಿಕ್ಕ ಉರುಳೆ. ನಾನು ಅಣ್ಣನ ಕಡೆ ನೋಡಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೂಡ ಕೆಳಗಿಡಲಿಲ್ಲ. ‘ಫೂಟ್ ಎತ್ತಿ, ಮೇಲಿನ ದಾರ ಪೂರ್ತಿ ತೆಗೆದು ಮತ್ತೆ ಹಾಕೋಕೆ ಹೇಳು’ ಅಂದ. ಹೇಳಿದೆ. ಫೋನಿನಲ್ಲೇ ಮಷಿನ್ ಸದ್ದು ಕೇಳಿಸಿತು. ಒಂದು ಕ್ಷಣ ಸುಮ್ಮನೆ. ಆಮೇಲೆ, ‘ಅಯ್ಯೋ, ಸರಿಹೋಯ್ತಲ್ಲ!’

ಫೋನ್ ಇಟ್ಟ ಮೇಲೆ ಕಾರಣ ಕೇಳಿದೆ. ‘ಗೋಜಲು ಕಾಣೋದು ಕೆಳಗೆ. ಅದಕ್ಕೆ ಎಲ್ಲರೂ ಕೆಳಗೇ ಹುಡುಕ್ತಾರೆ. ತಪ್ಪು ಇರೋದು ಮೇಲೆ’ ಅಂದ. ಬಟ್ಟೆ ಒತ್ತಿ ಹಿಡಿಯೋ ಫೂಟನ್ನು ಇಳಿಸಿಟ್ಟು ದಾರ ಪೋಣಿಸಿದರೆ, ಮೇಲಿನ ದಾರವನ್ನು ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳು ಅಂಟಿಕೊಂಡಿರುತ್ತವೆ. ದಾರ ಅವುಗಳ ಮಧ್ಯೆ ಕೂರುವುದಿಲ್ಲ. ಹಿಡಿತವೇ ಇಲ್ಲದ ಮೇಲಿನ ದಾರ ಸಡಿಲವಾಗಿ ಇಳಿದು ಅಡಿಯಲ್ಲಿ ಸುತ್ತಿಕೊಳ್ಳುತ್ತದೆ. ಫೂಟ್ ಎತ್ತಿದರೆ ಬಿಲ್ಲೆ ಬಿಡುತ್ತದೆ, ದಾರ ಒಳಗೆ ಕೂರುತ್ತದೆ. ಇಷ್ಟೇ ವಿಷಯ.

ಫೋನ್ ಪಕ್ಕ ನಾನೊಂದು ನೋಟ್‌ಬುಕ್ ಇಟ್ಟಿರುತ್ತೇನೆ. ಯಾರು ಕರೆ ಮಾಡಿದರು, ಏನು ತೊಂದರೆ, ಮಷಿನ್ ಯಾವಾಗ ತರುತ್ತಾರೆ, ಅಷ್ಟು ಬರೆಯೋ ಅಭ್ಯಾಸ. ಹಿಂದಿನ ಪುಟ ತಿರುವಿದೆ. ಅದೇ ತಿಂಗಳಲ್ಲಿ ಇದೇ ದೂರು ಏಳು ಸಲ ಬಂದಿತ್ತು. ‘ಅಡಿಯಲ್ಲಿ ದಾರ ಗಂಟು’, ‘ಕೆಳಗಡೆ ಸಿಕ್ಕು’, ‘ಹಿಂಭಾಗ ದಾರ ಗೋಜಲು’. ಒಬ್ಬರೂ ‘ಟೆನ್ಷನ್ ಸಮಸ್ಯೆ’ ಅಂದಿರಲಿಲ್ಲ. ಅದು ನಮ್ಮ ಮಾತು, ಅವರದ್ದಲ್ಲ. ಫೋನಿನಲ್ಲಿ ಹೀಗೆ ಹೇಳುವವರು ಗೂಗಲಿನಲ್ಲೂ ಹೀಗೇ ತಾನೇ ಟೈಪ್ ಮಾಡೋದು?

ಅವತ್ತು ರಾತ್ರಿ ಬರೆಯೋಕೆ ಕೂತೆ. ಮೊದಲ ವಾಕ್ಯ ‘ಹೊಲಿಗೆ ಯಂತ್ರವು ಮಾನವನ ಮಹತ್ವದ ಆವಿಷ್ಕಾರಗಳಲ್ಲಿ ಒಂದು’ ಅಂತ ಬಂತು. ಅಣ್ಣ ಹಿಂದಿನಿಂದ ಓದಿ ನಕ್ಕ. ‘ಮಷಿನ್ ಕೆಟ್ಟು ಕೂತಿರೋರಿಗೆ ಪುರಾಣ ಹೇಳ್ತಿದ್ದೀಯಲ್ಲ.’ ಅಳಿಸಿದೆ. ತಲೆಬರಹ: ‘ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುತ್ತಿದೆಯಾ? ತಪ್ಪು ಮೇಲಿನ ದಾರದಲ್ಲಿದೆ’. ಮೊದಲ ಎರಡು ಸಾಲಿನಲ್ಲೇ ಉತ್ತರ. ಅದು ಫಲಿಸದಿದ್ದರೆ ಮುಂದೇನು ನೋಡಬೇಕು ಅಂತ ಕೆಳಗೆ: ಬಾಬಿನ್ ತಿರುಗುಮುರುಗಾಗಿದೆಯಾ, ಸೂಜಿ ಬಾಗಿದೆಯಾ, ಕೆಳಗೆ ದಾರ ಹಿಡಿಯೋ ಹುಕ್ಕಿನ ಹತ್ತಿರ ದಾರದ ಚೂರು ಸಿಕ್ಕಿಕೊಂಡಿದೆಯಾ. ಅಣ್ಣನ ಕೈ, ನಮ್ಮ ಟೇಬಲ್ಲು, ಫೂಟ್ ಎತ್ತಿದ ಫೋಟೊ, ಇಳಿಸಿದ ಫೋಟೊ. ಎಷ್ಟು ಪದ ಬರೆಯಬೇಕು ಅಂತ ಆಗ ತಲೆಕೆಡಿಸಿಕೊಂಡಿದ್ದೆ. ಇಷ್ಟೇ ಇರಬೇಕು ಅಂತ ಗೂಗಲ್ ಎಲ್ಲೂ ಹೇಳಿಲ್ಲ. ಹೇಳೋದು ಮುಗಿದ ಕಡೆ ನಿಲ್ಲಿಸಿದೆ.

ಒಂದು ತಪ್ಪು ಮಾಡಿದೆ. ಫೋನಿನಿಂದ ತೆಗೆದ ಫೋಟೊಗಳನ್ನು ಹಾಗೇ ಹಾಕಿದೆ, ಒಂದೊಂದೂ ನಾಲ್ಕೈದು ಎಂಬಿ. ಮೊಬೈಲಿನಲ್ಲಿ ಪುಟ ತೆರೆಯೋಕೆ ಬೇಸರ ಬರುವಷ್ಟು ಹೊತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ. ಫೋಟೊ ಚಿಕ್ಕದು ಮಾಡಿ ಮತ್ತೆ ಹಾಕಿದೆ. ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲಿನ ವಿವರಣೆಯನ್ನೂ ಆಲ್ಟ್ ಜಾಗದಲ್ಲಿ ಬರೆದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಬೇಕು, ಗೂಗಲಿಗೂ ಬೇಕು.

ಆಮೇಲೆ ಕಾಯೋದು. ಇದೇ ಕಷ್ಟದ ಭಾಗ. ಮೂರು ವಾರಕ್ಕೆ 14 ಇಂಪ್ರೆಶನ್, ಕ್ಲಿಕ್ ಸೊನ್ನೆ, ಸರಾಸರಿ ಸ್ಥಾನ ಅರವತ್ತರ ಆಚೆ. ಆದರೆ ಆ 14ರಲ್ಲಿ ನಮ್ಮ ಹೆಸರಿಲ್ಲದ ಹುಡುಕಾಟಗಳಿದ್ದವು. ‘ಹೊಲಿಗೆ ಹಿಂದೆ ದಾರ ಸಿಕ್ಕು’ ಅಂತ ಯಾರೋ ಹುಡುಕಿದ್ದರು. ನಾನು ಆ ಸಾಲನ್ನು ಅಣ್ಣನಿಗೆ ತೋರಿಸಿದೆ. ಅವನು ‘ಹೂಂ’ ಅಂದ. ಅವನಿಗೆ ಅದರ ಬೆಲೆ ಗೊತ್ತಾಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನಮ್ಮನ್ನು ಗೊತ್ತೇ ಇಲ್ಲದವರ ಮುಂದೆ ನಾವು ಕಾಣಿಸಿಕೊಂಡಿದ್ದೆವು.

ಎಸ್‌ಇಒ ಕೆಲಸದ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್‌ನವರೇ 2017ರ ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಅದನ್ನು ಮೊದಲೇ ನೋಡಿದ್ದರೆ ದಿನಾ ಬೆಳಗ್ಗೆ ಗ್ರಾಫ್ ನೋಡೋ ಚಟ ತಪ್ಪುತ್ತಿತ್ತು. ನಮ್ಮ ಆ ಪೋಸ್ಟ್ ಮೊದಲ ಪುಟಕ್ಕೆ ಬಂದದ್ದು ನಾಲ್ಕನೇ ತಿಂಗಳ ಕೊನೆಗೆ. ಅಷ್ಟರಲ್ಲಿ ನೋಟ್‌ಬುಕ್ಕಿನಿಂದ ಇನ್ನೂ ಎಂಟು ಬರಹ ಆಗಿದ್ದವು. 2022ರ ಆಗಸ್ಟಿನಲ್ಲಿ ಗೂಗಲ್ ‘ಹೆಲ್ಪ್‌ಫುಲ್ ಕಂಟೆಂಟ್’ ಅನ್ನೋ ಬದಲಾವಣೆ ತಂದಿತು. ಹುಡುಕಾಟಕ್ಕೋಸ್ಕರ ಬರೆದದ್ದನ್ನು ಹಿಂದೆ ತಳ್ಳಿ, ಜನರಿಗೋಸ್ಕರ ಬರೆದದ್ದನ್ನು ಮುಂದೆ ತರೋದು ಅದರ ಉದ್ದೇಶ ಅಂತ ಓದಿದೆ. ಕೊಂಡ ಹತ್ತು ಲೇಖನವನ್ನು ಆ ವಾರವೇ ಕಿತ್ತುಹಾಕಿದೆ.

ಸರಾಸರಿ ಸ್ಥಾನ ಅನ್ನೋ ಸಂಖ್ಯೆ ನನ್ನನ್ನು ಒಮ್ಮೆ ಚೆನ್ನಾಗಿ ಹೆದರಿಸಿತು. ಒಂದು ಪೋಸ್ಟಿನ ಸರಾಸರಿ 12 ಇದ್ದದ್ದು ಒಂದೇ ತಿಂಗಳಲ್ಲಿ 31ಕ್ಕೆ ಇಳಿಯಿತು. ಏನೋ ಶಿಕ್ಷೆ ಬಿತ್ತು ಅಂತ ನಿದ್ದೆಗೆಟ್ಟೆ. ಬಿಡಿಸಿ ನೋಡಿದರೆ ಹಳೆಯ ಹುಡುಕಾಟಗಳಲ್ಲಿ ನಾವು ಇದ್ದ ಕಡೆಯೇ ಇದ್ದೆವು. ಹೊಸದಾಗಿ ನಲವತ್ತು ಬೇರೆ ಹುಡುಕಾಟಗಳಲ್ಲಿ ದೂರದಲ್ಲಿ ಕಾಣತೊಡಗಿದ್ದೆವು, ಅವು ಸರಾಸರಿಯನ್ನು ಎಳೆದಿದ್ದವು. ಬೆಳೆಯೋದೂ ಆ ಸಂಖ್ಯೆಯಲ್ಲಿ ಬೀಳೋ ಹಾಗೆ ಕಾಣುತ್ತದೆ. ಇನ್ನೊಂದು, ನನ್ನ ಫೋನಿನಲ್ಲಿ ಹುಡುಕಿದರೆ ನಾವು ಎರಡನೇ ಸ್ಥಾನ, ಅಣ್ಣನ ಫೋನಿನಲ್ಲಿ ಎಂಟನೇದು. ಎಲ್ಲಿಂದ ಹುಡುಕುತ್ತೀರಿ, ಹಿಂದೆ ಏನು ಹುಡುಕಿದ್ದಿರಿ ಅನ್ನೋದರ ಮೇಲೆ ಫಲಿತಾಂಶ ಬದಲಾಗುತ್ತದೆ. ನನ್ನ ಫೋನ್ ನಂಬೋದು ಬಿಟ್ಟೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ, ಹಾಗಾಗಿ ಪ್ರತಿ ತಿಂಗಳೂ ಒಂದು ಪ್ರತಿ ಇಳಿಸಿಟ್ಟುಕೊಳ್ಳತೊಡಗಿದೆ.

ಉತ್ಸಾಹ ಜಾಸ್ತಿಯಾದಾಗ ಇನ್ನೊಂದು ಎಡವಟ್ಟು ಆಯಿತು. ಸೂಜಿ ಮುರಿಯೋದರ ಬಗ್ಗೆ ಮೂರು ಪೋಸ್ಟ್ ಬರೆದೆ. ‘ಸೂಜಿ ಯಾಕೆ ಮುರಿಯುತ್ತದೆ’, ‘ದಪ್ಪ ಬಟ್ಟೆಗೆ ಸೂಜಿ ಮುರಿಯುತ್ತಿದೆಯಾ’, ‘ಸೂಜಿ ಮುರಿಯದ ಹಾಗೆ ಹೊಲಿಯುವುದು’. ಮೂರರಲ್ಲೂ ಹೆಚ್ಚುಕಮ್ಮಿ ಅದೇ ಮಾತು. ಒಂದೇ ಹುಡುಕಾಟಕ್ಕೆ ಈ ವಾರ ಒಂದು ಪುಟ, ಮುಂದಿನ ವಾರ ಇನ್ನೊಂದು ಬರುತ್ತಿತ್ತು, ಎರಡೂ ಫಲಿತಾಂಶದ ಮೂರನೇ ಪುಟದ ಆಸುಪಾಸು. ನಮಗೆ ನಾವೇ ಪೈಪೋಟಿ. ಮೂರನ್ನೂ ಸೇರಿಸಿ ಒಂದು ಮಾಡಿದೆ, ಹಳೆಯ ಎರಡು ವಿಳಾಸಕ್ಕೆ 301 ರೀಡೈರೆಕ್ಟ್ ಹಾಕಿದೆ. ಅಂದರೆ ಇವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ ಅನ್ನೋ ಬೋರ್ಡು. ಆರು ವಾರದಲ್ಲಿ ಆ ಒಂದು ಪುಟ ಮೂರೂ ಸೇರಿ ಏರದಷ್ಟು ಮೇಲೇರಿತು.

ಇಷ್ಟೆಲ್ಲ ಆದರೂ ನಮ್ಮ ರಿಪೇರಿ ಪುಟ, ನಿಜವಾಗಿ ಕೆಲಸ ತರಬೇಕಾದ ಪುಟ, ಇದ್ದ ಜಾಗದಿಂದ ಅಲ್ಲಾಡಿರಲಿಲ್ಲ. ಬ್ಲಾಗಿಗೆ ಬಂದವರು ಓದಿ ಹೋಗುತ್ತಿದ್ದರು. ತಪ್ಪು ಹುಡುಕೋಕೆ ಹೋದರೆ ನಾಚಿಕೆಯಾಯಿತು. ಒಂಬತ್ತು ಪೋಸ್ಟ್‌ಗಳಲ್ಲಿ ಒಂದರಿಂದಲೂ ರಿಪೇರಿ ಪುಟಕ್ಕೆ ಲಿಂಕ್ ಇರಲಿಲ್ಲ! ‘ಮನೆಯಲ್ಲಿ ಸರಿಹೋಗದಿದ್ದರೆ ಮಷಿನ್ ನಮ್ಮಲ್ಲಿಗೆ ತನ್ನಿ’ ಅಂತ ಬರೆದಿದ್ದೆ, ಎಲ್ಲಿಗೆ ಅಂತ ತೋರಿಸಿರಲಿಲ್ಲ.

ಪುಟದಿಂದ ಪುಟಕ್ಕೆ ಇರೋ ಲಿಂಕನ್ನು ಒಂದು ಶಿಫಾರಸಿನ ಹಾಗೆ ಎಣಿಸೋದು ಗೂಗಲಿನ ಬುನಾದಿ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಶುರು ಮಾಡಿದ್ದೇ ಪೇಜ್‌ರ‍್ಯಾಂಕ್ ಅನ್ನೋ ಈ ಲೆಕ್ಕದಿಂದ. ಇವತ್ತು ಅದರ ಜೊತೆ ನೂರಾರು ಸಂಗತಿ ಸೇರಿಕೊಂಡಿವೆ, ಲಿಂಕ್ ಮಾತ್ರ ಹೋಗಿಲ್ಲ. ನಮ್ಮದೇ ಸೈಟಿನ ಒಳಗಿನ ಲಿಂಕೂ ಇದರಲ್ಲಿ ಸೇರುತ್ತದೆ. ಒಂದು ಸಂಜೆ ಕೂತು ಎಲ್ಲ ಪೋಸ್ಟಿನಲ್ಲೂ ಲಿಂಕ್ ಹಾಕಿದೆ. ‘ಇಲ್ಲಿ ಕ್ಲಿಕ್ ಮಾಡಿ’ ಅಂತಲ್ಲ. ‘ಮಷಿನ್ ಟೈಮಿಂಗ್ ರಿಪೇರಿ’, ‘ಬಾಬಿನ್ ಕೇಸ್ ಬದಲಾವಣೆ’ ಅಂತ. ಲಿಂಕಿನ ಪದವೇ ಆ ಕಡೆ ಏನಿದೆ ಅನ್ನೋದನ್ನು ಗೂಗಲಿಗೂ ಓದುವವರಿಗೂ ಹೇಳುತ್ತದೆ. ರಿಪೇರಿ ಪುಟದಿಂದ ಪೋಸ್ಟ್‌ಗಳಿಗೂ ವಾಪಸ್ ಲಿಂಕ್ ಕೊಟ್ಟೆ. ಎರಡು ತಿಂಗಳಿಗೆ ರಿಪೇರಿ ಪುಟಕ್ಕೆ ನಮ್ಮ ಹೆಸರಿಲ್ಲದ ಹುಡುಕಾಟಗಳು ಬರತೊಡಗಿದವು. ಬ್ಲಾಗಿನಿಂದ ವ್ಯಾಪಾರಕ್ಕೆ ಏನಾದರೂ ಆಯಿತಾ ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಈ ತಿಂಗಳುಗಳನ್ನೇ.

ಇನ್ನು ಎಣ್ಣೆ ಕಲೆ ಕಥೆ. ಮಷಿನ್ ಎಣ್ಣೆ ಬಟ್ಟೆಗೆ ತಾಗಿದರೆ ಹೇಗೆ ತೆಗೆಯೋದು ಅಂತ ಒಂದು ಪೋಸ್ಟ್ ಸುಮ್ನೆ ಬರೆದಿದ್ದೆ, ಅರ್ಧ ಗಂಟೆಯ ಕೆಲಸ. ಅದು ಹಾರಿತು. ಕೆಲವೇ ತಿಂಗಳಲ್ಲಿ ನಮ್ಮ ಸೈಟಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದಕ್ಕೇ ಬರುತ್ತಿದ್ದರು. ನಾನು ಗ್ರಾಫ್ ತೋರಿಸಿ ಬೀಗಿದೆ. ಅಣ್ಣ ಸ್ವಲ್ಪ ಹೊತ್ತು ನೋಡಿ ಕೇಳಿದ, ‘ಗೆರೆ ಮೇಲೆ ಹೋಗ್ತಿದೆ, ಸರಿ. ಫೋನ್ ಯಾಕೆ ಸುಮ್ನಿದೆ?’

ಉತ್ತರ ಸುಲಭ. ಅಲ್ಲಿಗೆ ಬರೋರಿಗೆ ಹೊಲಿಗೆ ಮಷಿನ್ನೇ ಇಲ್ಲ. ಗಾಡಿ ಎಣ್ಣೆ, ಬಾಗಿಲ ಕೀಲಿನ ಎಣ್ಣೆ, ಎಲ್ಲ ಕಲೆಯವರೂ ಬಂದು ಓದಿ ಹೋಗುತ್ತಿದ್ದರು. ಓದುವವರಿಗೆ ಒಳ್ಳೆಯದು, ನಮಗೆ ಬರೀ ಸಂಖ್ಯೆ. ಅಳಿಸಲಿಲ್ಲ. ಕೊನೆಗೆ ಒಂದು ಭಾಗ ಸೇರಿಸಿದೆ: ಮಷಿನ್ ಯಾಕೆ ಬಟ್ಟೆ ಮೇಲೆ ಎಣ್ಣೆ ಬಿಡುತ್ತದೆ, ಎಣ್ಣೆ ಹಾಕಿದ ಮೇಲೆ ಬೇಡದ ಬಟ್ಟೆಯ ಮೇಲೆ ಯಾಕೆ ಓಡಿಸಬೇಕು, ಯಾವಾಗ ಬಿಚ್ಚಿ ತೋರಿಸಬೇಕು. ಅಲ್ಲಿಂದ ಅಪರೂಪಕ್ಕೆ ಒಂದೊಂದು ಕರೆ ಬರುತ್ತದೆ. ಅದಕ್ಕೆ ಪೂರ್ತಿ ಉಲ್ಟಾ, ಟೈಮಿಂಗ್ (ಸೂಜಿ ಮತ್ತು ಹುಕ್ಕಿನ ಹೊಂದಾಣಿಕೆ) ತಪ್ಪಿದ ಮಷಿನ್ ಬಗ್ಗೆ ಬರೆದದ್ದು. ತಿಂಗಳಿಗೆ ಮೂವತ್ತೋ ನಲವತ್ತೋ ಜನ ಓದುತ್ತಾರೆ. ಓದಿದವರಲ್ಲಿ ನಾಲ್ಕೈದು ಜನ ಫೋನ್ ಮಾಡೇ ಮಾಡುತ್ತಾರೆ, ಯಾಕೆಂದರೆ ಅದು ಮನೆಯಲ್ಲಿ ಕೂತು ಸರಿಮಾಡೋ ಕೆಲಸವೇ ಅಲ್ಲ.

ಸೈಟು ಸ್ವಲ್ಪ ಕಾಣತೊಡಗಿದ್ದೇ ತಡ, ಲಿಂಕ್ ಮಾರುವವರ ಮೇಲ್‌ಗಳು ಶುರುವಾದವು. ನೂರು ಸೈಟಿನಿಂದ ನಿಮಗೆ ಲಿಂಕ್ ಕೊಡಿಸುತ್ತೇವೆ ಅಂತ. ಈ ಆಟಕ್ಕೆ ಗೂಗಲ್ 2012ರಲ್ಲೇ ಪೆಂಗ್ವಿನ್ ಅನ್ನೋ ಬದಲಾವಣೆ ತಂದು ಹೊಡೆದಿತ್ತು, ಆದರೂ ಅಂಗಡಿ ಮುಚ್ಚಿಲ್ಲ. ನಮಗೆ ಸಿಕ್ಕಿದ ಒಳ್ಳೆಯ ಲಿಂಕ್ ಕೇಳದೇ ಬಂದದ್ದು. ಹೊಲಿಗೆ ಕಲಿಸುವ ಒಬ್ಬರು ತಮ್ಮ ವಿದ್ಯಾರ್ಥಿಗಳ ಪಾಠದ ಪುಟದಲ್ಲಿ ನಮ್ಮ ದಾರದ ಗೋಜಲಿನ ಪೋಸ್ಟನ್ನು ಜೋಡಿಸಿದ್ದರು. ಫೋನ್ ಮಾಡಿ ಧನ್ಯವಾದ ಹೇಳಿದೆ. ‘ಆ ಎರಡು ಫೋಟೊ ಇದೆಯಲ್ಲ, ಅದಕ್ಕೇ ಹಾಕಿದ್ದು. ಪ್ರತಿ ಬ್ಯಾಚಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿತ್ತು’ ಅಂದರು.

2023ರಲ್ಲಿ ಎಲ್ಲರ ಹಾಗೆ ನನಗೂ ಆಸೆ ಹುಟ್ಟಿತು. ಎಐ ಇಟ್ಟುಕೊಂಡು ಒಂದೇ ಸಂಜೆಯಲ್ಲಿ ನಲವತ್ತು ಪೋಸ್ಟ್ ಬರೆಸಿದೆ. ಭಾಷೆ ನನಗಿಂತ ನಯವಾಗಿತ್ತು. ಅಣ್ಣನ ಕೈಗೆ ಕೊಟ್ಟೆ. ಎರಡನೇದರಲ್ಲೇ ನಿಲ್ಲಿಸಿದ. ‘ಎಲ್ಲ ಮಷಿನ್ನಿಗೂ ವಾರಕ್ಕೊಮ್ಮೆ ಎಣ್ಣೆ ಹಾಕಿ ಅಂತ ಬರೆದಿದೆ. ಈಗಿನ ಎಷ್ಟೋ ಮಷಿನ್‌ಗಳಿಗೆ ಮನೆಯಲ್ಲಿ ಎಣ್ಣೆ ಹಾಕಲೇಬೇಡಿ ಅಂತ ಕಂಪನಿಯವರೇ ಪುಸ್ತಕದಲ್ಲಿ ಬರೆದಿರ್ತಾರೆ. ಇದನ್ನ ಓದಿ ಹಾಕಿದ್ರೆ ನಾಳೆ ನನ್ನ ಹತ್ರಾನೇ ತರ್ತಾರೆ.’ ವ್ಯಾಪಾರ ಬರುತ್ತಲ್ಲ ಅಂದೆ. ನಗಲಿಲ್ಲ. ನಲವತ್ತೂ ಕಸದ ಬುಟ್ಟಿಗೆ ಹೋದವು. ಮುಂದಿನ ಮಾರ್ಚಿನಲ್ಲಿ ಗೂಗಲ್, ಹುಡುಕಾಟದಲ್ಲಿ ಮೇಲೆ ಬರೋಕೆ ಅಂತಲೇ ರಾಶಿ ರಾಶಿ ಪುಟ ಹುಟ್ಟಿಸೋದನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ಯಂತ್ರ ಬರೆದರೂ ಅಷ್ಟೇ, ಮನುಷ್ಯ ಬರೆದರೂ ಅಷ್ಟೇ. ಸದ್ಯ, ಬಚಾವಾದೆ ಅನ್ನಿಸಿತು.

ಈಗ ಫಲಿತಾಂಶದ ನೆತ್ತಿಯಲ್ಲೇ ಎಐ ಉತ್ತರ ಬರುತ್ತಿದೆ. ನಮ್ಮ ಚಿಕ್ಕ ಉತ್ತರದ ಪೋಸ್ಟ್‌ಗಳಿಗೆ ಅದರ ಏಟು ಬಿದ್ದಿದೆ. ಸೂಜಿ ನಂಬರ್ 90/14 ಅಂದರೆ ಏನು ಅಂತ ಹುಡುಕಿದರೆ ಸೂಜಿಯ ದಪ್ಪ 0.9 ಮಿಲಿಮೀಟರ್ ಅಂತ ಮೇಲೇ ಸಿಗುತ್ತದೆ. ನಮ್ಮ ಪುಟಕ್ಕೆ ಯಾಕೆ ಬರಬೇಕು? ಇಂಪ್ರೆಶನ್ ಹಾಗೇ ಇದೆ, ಕ್ಲಿಕ್ ಬಿದ್ದುಹೋಗಿದೆ. ಫೋಟೊ ನೋಡಿ ಒಂದೊಂದೇ ಪರೀಕ್ಷಿಸಿ ಕಾರಣ ಹುಡುಕಬೇಕಾದ ಪೋಸ್ಟ್‌ಗಳು ಅಷ್ಟಾಗಿ ಇಳಿದಿಲ್ಲ. ಹಾಗಾಗಿ ಅಂಥವನ್ನೇ ಬರೆಯುತ್ತೇನೆ, ತಿಂಗಳಿಗೆ ಒಂದೋ ಎರಡೋ. ಹಳೆಯವನ್ನು ವರ್ಷಕ್ಕೊಮ್ಮೆ ತೆರೆದು ಓದುತ್ತೇವೆ. ಏನಾದರೂ ತಿದ್ದಿದ್ದರೆ ಮಾತ್ರ ದಿನಾಂಕ ಬದಲಾಯಿಸುತ್ತೇನೆ.

ಈ ತಿಂಗಳು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಮೂರು ಸಲ ಬಂದಿದೆ: ‘ಹಿಂದಕ್ಕೆ ಹೊಲಿದಾಗ ಮಾತ್ರ ದಾರ ತುಂಡಾಗುತ್ತೆ’. ಮೂರೂ ಬೇರೆ ಬೇರೆ ಮಷಿನ್. ಅಣ್ಣನನ್ನು ಕೇಳಿದೆ. ‘ಒಂದೇ ಕಾರಣ ಇರಲ್ಲ, ಬಿಚ್ಚದೆ ಹೇಳಲ್ಲ’ ಅಂದ. ಒಂದು ಮಷಿನ್ ಇವತ್ತು ಟೇಬಲ್ ಮೇಲಿದೆ, ಸೂಜಿ ತಟ್ಟೆ ಆಗಲೇ ಬಿಚ್ಚಿದ್ದಾನೆ. ನಾನು ಫೋನಿನ ಕ್ಯಾಮೆರಾ ಒರೆಸಿಕೊಂಡು ಪಕ್ಕದಲ್ಲಿ ನಿಂತಿದ್ದೇನೆ.